ಕರೆದರೂ ಓಗೊಡದ ಸ್ಪೀಕರ್

ಸ್ಮಾರ್ಟ್ ಸ್ಪೀಕರ್ ಉತ್ತರ ಕೊಡದಿದ್ದಾಗ ಮನೆಮಂದಿ ಮೊದಲು ಮಾಡುವುದು ದನಿ ಏರಿಸುವ ಕೆಲಸ. ಮೊದಲ ಸಲ ‘ಅಲೆಕ್ಸಾ’ ಎಂದು ಮೆಲ್ಲಗೆ ಕರೆದವರು ಎರಡನೆಯ ಸಲ ಗದರುತ್ತಾರೆ. ಮೂರನೆಯ ಸಲಕ್ಕೆ ‘ಅ... ಲೆ... ಕ್ಸಾ...’ ಎಂದು ಅಕ್ಷರ ಬಿಡಿಸಿ ಕೂಗುತ್ತಾರೆ. ಅಷ್ಟಕ್ಕೂ ಅದು ಬಾಯಿ ಬಿಡದಿದ್ದರೆ ಯಾರಾದರೊಬ್ಬರು ಹೋಗಿ ಅದರ ನೆತ್ತಿಗೆ ಎರಡು ತಟ್ಟುತ್ತಾರೆ. ಹಳೆಯ ಟ್ರಾನ್ಸಿಸ್ಟರ್ ರೇಡಿಯೊಗೆ ಈ ಮದ್ದು ಅಪರೂಪಕ್ಕೆ ನಾಟುತ್ತಿತ್ತು. ಸಡಿಲವಾದ ಬ್ಯಾಟರಿ ಸರಿಯಾಗಿ ಕೂರುತ್ತಿತ್ತು. ಇದಕ್ಕೆ ನಾಟುವುದಿಲ್ಲ. ಕೂಗಾಟವಂತೂ ಇದ್ದದ್ದನ್ನೂ ಕೆಡಿಸುತ್ತದೆ.

ಏಕೆಂದರೆ ಈ ಡಬ್ಬಿ ಸುಮ್ಮನೆ ಕೂತಿರುವಾಗ ಕಾಯುವುದು ಒಂದೇ ಪದಕ್ಕೆ. ಜನ ಮಾಮೂಲಿ ವೇಗದಲ್ಲಿ, ಮಾಮೂಲಿ ದನಿಯಲ್ಲಿ ಹೇಳಿದ ‘ಅಲೆಕ್ಸಾ’ ಅಥವಾ ‘ಓಕೆ ಗೂಗಲ್’ ಮಾದರಿಗಳನ್ನು ರಾಶಿಗಟ್ಟಲೆ ಕೇಳಿಸಿ ಅದಕ್ಕೆ ಆ ಪದದ ಚಹರೆ ಕಲಿಸಿರುತ್ತಾರೆ. ಕೂಗಿದರೆ ಸ್ವರಗಳು ಹಿಗ್ಗುತ್ತವೆ, ಅಕ್ಷರಗಳ ನಡುವೆ ಸಂದು ಬೀಳುತ್ತದೆ. ನಮ್ಮ ಕಿವಿಗೆ ಅದು ಅದೇ ಪದ. ಯಂತ್ರಕ್ಕೆ ಗುರುತು ಸಿಗದ ಯಾವುದೋ ಸದ್ದು.

ಹೆಸರು ಹಿಡಿದು ಕರೆದರೆ ಓಡಿಬರುವ ಯಂತ್ರ ಬೇಕು ಎಂಬ ಆಸೆಗೆ ಹೆಚ್ಚುಕಡಿಮೆ ನೂರು ವರ್ಷ. 1920ರ ದಶಕದಲ್ಲಿ ಅಮೆರಿಕದ ಅಂಗಡಿಗಳಲ್ಲಿ ‘ರೇಡಿಯೊ ರೆಕ್ಸ್’ ಎಂಬ ಆಟಿಕೆ ಸಿಗುತ್ತಿತ್ತು. ಗೂಡಿನೊಳಗೊಂದು ಪುಟ್ಟ ನಾಯಿ. ‘ರೆಕ್ಸ್’ ಎಂದರೆ ಸ್ಪ್ರಿಂಗಿನ ಬಲದಿಂದ ಹೊರಗೆ ಚಿಮ್ಮುತ್ತಿತ್ತು. ಒಳಗಿದ್ದದ್ದು ನಾಯಿಯನ್ನು ಹಿಡಿದಿಡುವ ಒಂದು ವಿದ್ಯುತ್ಕಾಂತ, ಸುಮಾರು 500 ಹರ್ಟ್ಸ್ ಸದ್ದಿಗೆ ಅದುರಿ ಅದರ ಸಂಪರ್ಕ ಕಡಿಯುವ ಒಂದು ಲೋಹದ ತುಂಡು, ಅಷ್ಟೆ. ದೊಡ್ಡವರು, ಅದರಲ್ಲೂ ಗಂಡಸರು ‘ರೆ’ ಎಂದಾಗ ಆ ಸ್ವರದ ಬಲ ಇರುವುದು ಅದೇ ಸುಮಾರಿನಲ್ಲಿ. ಮಕ್ಕಳ ಗಂಟಲು ಸಣ್ಣದು, ಸ್ವರದ ಬಲ ಮೇಲಕ್ಕೆ ಜರುಗುತ್ತದೆ. ಹೀಗಾಗಿ ಮಕ್ಕಳಿಗೆಂದು ತಂದ ನಾಯಿ ಅಪ್ಪನ ಮಾತಿಗೇ ಹೆಚ್ಚು ಒಲಿಯುವಂತಿತ್ತು. ಯಾರ ದನಿಗೆ ಯಂತ್ರ ಓಗೊಡುತ್ತದೆ, ಯಾರ ದನಿಗೆ ಇಲ್ಲ ಎಂಬ ತಕರಾರು ಅಂದಿನದು. ಅದು ಇನ್ನೂ ಮುಗಿದಿಲ್ಲ, ಮುಂದೆ ಬರುತ್ತದೆ.

‘ಅಲೆಕ್ಸಾ’ ಎಂದರೆ ಓಗೊಡುವ ಎಕೋ ಸ್ಪೀಕರನ್ನು ಅಮೆಜಾನ್ ಅಮೆರಿಕದಲ್ಲಿ ತೋರಿಸಿದ್ದು 2014ರ ನವೆಂಬರಿನಲ್ಲಿ. ಭಾರತಕ್ಕೆ ಅದು ಬಂದದ್ದು 2017ರಲ್ಲಿ. ಗೂಗಲ್ ಹೋಮ್ ಮರುವರ್ಷ ಬಂತು. ರೆಕ್ಸ್‌ಗೆ ಹೋಲಿಸಿದರೆ ಇವು ಮಹಾ ಜಾಣ ಯಂತ್ರಗಳು. ಆದರೆ ಒಂದು ವಿಷಯದಲ್ಲಿ ರೆಕ್ಸೇ ಮೇಲು: ಅದರ ಬುದ್ಧಿ ಎಷ್ಟೇ ಅಲ್ಪವಿರಲಿ, ಪೂರ್ತಿ ಗೂಡಿನೊಳಗೇ ಇತ್ತು. ಅಮೆಜಾನಿನ ಎಕೋ ಡಾಟ್ ಅಥವಾ ಗೂಗಲ್‌ನ ನೆಸ್ಟ್ ಮಿನಿ ನಮ್ಮ ಹಾಲಿನಲ್ಲಿ ಕೂತು ಮಾಡುವ ಕೆಲಸ ಸ್ವಲ್ಪವೇ. ಮೈಕು ಹಿಡಿದ ಸದ್ದಿನ ಕೊನೆಯ ಕೆಲವೇ ಸೆಕೆಂಡುಗಳನ್ನು ನೆನಪಿನಲ್ಲಿಟ್ಟುಕೊಂಡು, ಹಳೆಯದನ್ನು ಅಳಿಸುತ್ತ ಹೊಸದನ್ನು ಬರೆಯುತ್ತ, ತನ್ನ ಹೆಸರು ಬಂತೇ ಎಂದು ನೋಡುತ್ತಿರುತ್ತದೆ. ಬಂತು ಅನ್ನಿಸಿದ ಕ್ಷಣ ದೀಪ ಹೊತ್ತಿಸಿ, ಮುಂದಿನ ಮಾತನ್ನು ವೈಫೈ ಮೂಲಕ ರೂಟರಿಗೆ, ಅಲ್ಲಿಂದ ಫೈಬರಿನಲ್ಲಿ ಕಂಪನಿಯ ಡೇಟಾ ಸೆಂಟರಿಗೆ ದಾಟಿಸುತ್ತದೆ. ದನಿ ಅಕ್ಷರವಾಗುವುದು, ಕೇಳಿದ್ದು ಏನೆಂದು ಊಹಿಸುವುದು, ಹಾಡನ್ನೋ ಹವಾಮಾನವನ್ನೋ ತರಿಸುವುದು, ಉತ್ತರ ಮತ್ತೆ ದನಿಯಾಗುವುದು ಬಹುಪಾಲು ಅಲ್ಲಿ. ಈಚಿನ ಕೆಲವು ಮಾದರಿಗಳು ಒಂದಿಷ್ಟನ್ನು ಒಳಗೇ ನಿಭಾಯಿಸುತ್ತವಾದರೂ ದಾರಿ ಮೂಲತಃ ಇದೇ.

ಹಾಗಾಗಿ ‘ಸ್ಪೀಕರ್ ಕೆಟ್ಟಿದೆ’ ಎಂಬ ದೂರಿನಲ್ಲಿ ಸ್ಪೀಕರ್ ನಿಜಕ್ಕೂ ಕೆಟ್ಟಿರುವುದು ಕಡಿಮೆ. ನಾಲಿಗೆಯಿಂದ ಡೇಟಾ ಸೆಂಟರಿನ ತನಕದ ದಾರಿಯಲ್ಲಿ ಎಲ್ಲೋ ಮಾತು ನಿಂತಿದೆ. ಎಲ್ಲಿ ಎಂದು ಗೊತ್ತಾದರೆ ರಿಪೇರಿ ಹೆಚ್ಚಾಗಿ ಎರಡು ನಿಮಿಷದ್ದು. ಗೊತ್ತಾಗದೆ ಕೈಹಾಕಿದರೆ ಸಂಜೆಯೆಲ್ಲ ಅದಕ್ಕೇ. ಪತ್ತೆ ಹಚ್ಚಲು ಅದು ಸುಮ್ಮನಿರುವ ರೀತಿಯನ್ನೇ ಗಮನಿಸಬೇಕು. ಕರೆದಾಗ ದೀಪವೇ ಹೊತ್ತದಿದ್ದರೆ ಒಂದು ಕಥೆ, ಹೊತ್ತಿ ಆರಿಹೋದರೆ ಇನ್ನೊಂದು, ಏನೋ ಗೊಣಗಿ ಕೆಲಸ ಮಾಡದಿದ್ದರೆ ಬೇರೆಯದೇ.

ಈ ಪತ್ತೇದಾರಿ ಈಚೆಗೆ ನಡೆಯುವುದು ಫೋನಿನಲ್ಲಿ. ಮಗಳು ಬೆಂಗಳೂರಿನ ಆಫೀಸಿನಲ್ಲಿ, ಅಮ್ಮ ಹಾಸನದ ಮನೆಯಲ್ಲಿ.

‘ಅಮ್ಮ, ಲೈಟು ಯಾವ ಬಣ್ಣ ಇದೆ ನೋಡು.’

‘ಲೈಟೆಲ್ಲ ಸರಿಯಾಗೇ ಇದೆ ಕಣೆ, ಇದೊಂದೇ ಮಾತಾಡ್ತಿಲ್ಲ.’

‘ಮನೆ ಲೈಟಲ್ಲಮ್ಮ, ಅದರ ಮೈಮೇಲೇ ಬಳೆ ಥರ ಒಂದು ಬರುತ್ತಲ್ಲ, ಅದು.’

‘ಓ, ಅದಾ? ಕೆಂಪಗಿದೆ. ಅಂದ್ರೆ ಕರೆಂಟ್ ಬರ್ತಿದೆ ಅಂತ ತಾನೆ?’

ಅಮ್ಮನ ತಪ್ಪೇನಿಲ್ಲ. ಗೀಸರ್, ಸ್ಟೆಬಿಲೈಜರ್, ಸ್ವಿಚ್ ಬೋರ್ಡಿನ ಇಂಡಿಕೇಟರ್ ಹೀಗೆ ನಮ್ಮ ಮನೆಗಳಲ್ಲಿ ಕೆಂಪು ಎಂದರೆ ಕರೆಂಟ್ ಇದೆ ಎಂದೇ ರೂಢಿ. ಎಕೋದಲ್ಲಿ ಅಲುಗಾಡದೆ ನಿಂತ ಕೆಂಪು ಎಂದರೆ ಮೈಕು ಬಂದ್ ಆಗಿದೆ. ನೆಸ್ಟ್ ಮಿನಿಯಲ್ಲಿ ಅದೇ ಸೂಚನೆ ಕಿತ್ತಳೆ ಬಣ್ಣದ ಚುಕ್ಕಿಗಳಾಗಿ ಬರುತ್ತದೆ. ಎಕೋ ಡಾಟ್‌ನ ಮೈಕ್ ಬಟನ್ ನೆತ್ತಿಯ ಮೇಲಿದೆ, ಧೂಳು ಒರೆಸುವ ಬಟ್ಟೆಗೆ ಸಿಕ್ಕಿ ಒತ್ತಿಹೋಗುತ್ತದೆ. ನೆಸ್ಟ್ ಮಿನಿಯ ಸ್ವಿಚ್ಚು ವೈರಿನ ಬದಿಗಿದೆ, ಅತ್ತಿತ್ತ ಸರಿಸುವಾಗ ಬೆರಳು ತಾಗುತ್ತದೆ. ಹೀಗೆ ಬಂದ್ ಆದ ಮೈಕನ್ನು ಕೂಗಿ ಎಬ್ಬಿಸಲು ಬರುವುದಿಲ್ಲ, ಎದ್ದುಹೋಗಿ ಒತ್ತಲೇಬೇಕು. ಇದು ಕೊರತೆಯಲ್ಲ, ಬೇಕೆಂದೇ ಹಾಗೆ ಮಾಡಿದ್ದು. ಮೈಕು ನಿಜಕ್ಕೂ ಆರಿದೆ ಎಂದು ಮನೆಯವರು ನಂಬಬೇಕಾದರೆ ದೂರದ ಆಜ್ಞೆಯಿಂದ ಅದು ಮತ್ತೆ ತೆರೆದುಕೊಳ್ಳುವಂತಿರಬಾರದು. ಉಳಿದ ಬಣ್ಣಗಳಲ್ಲಿ ಮುಖ್ಯವಾದುದು ಎಕೋದ ಕಿತ್ತಳೆ, ಅದು ನೆಟ್ ಹುಡುಕುತ್ತಿದೆ. ಹಳದಿ ಮಿಣುಕಿದರೆ ಗಾಬರಿ ಬೇಡ. ಪಾರ್ಸೆಲ್ಲಿನದೋ ಇನ್ನಾವುದರದೋ ಸುದ್ದಿ ಹೇಳಲು ಕಾಯುತ್ತಿದೆ.

ಯಾವ ಬಣ್ಣವೂ ಇಲ್ಲದಿದ್ದರೆ ಅದು ಸತ್ತಿದೆ ಎಂದೇನಲ್ಲ, ಸುಮ್ಮನಿರುವಾಗ ಇವು ಕತ್ತಲಾಗಿಯೇ ಇರುತ್ತವೆ. ವಾಲ್ಯೂಮ್ ಒತ್ತಿದಾಗ ಬೆಳಕು ಬಂದರೆ ಜೀವ ಇದೆ. ಬಾರದಿದ್ದರೆ ಸ್ವಿಚ್ ಬೋರ್ಡ್ ನೋಡಿ. ಈ ಸ್ಪೀಕರ್ ಹುಟ್ಟಿದ ಅಮೆರಿಕದ ಮನೆಗಳಲ್ಲಿ ಗೋಡೆಯ ಸಾಕೆಟ್ಟಿಗೆ ಸಾಮಾನ್ಯವಾಗಿ ಬೇರೆ ಸ್ವಿಚ್ ಇರುವುದಿಲ್ಲ. ಚುಚ್ಚಿದ ಪ್ಲಗ್ಗಿಗೆ ಸದಾ ಕರೆಂಟು. ಇಲ್ಲಿ ಸಾಕೆಟ್ಟಿಗೊಂದು ಸ್ವಿಚ್ಚು, ಊರಿಗೆ ಹೊರಡುವಾಗ ಒಂದೊಂದನ್ನೂ ಆರಿಸುವ ಶಿಸ್ತು. ಮಲೆನಾಡಿನಲ್ಲಿ, ಕರಾವಳಿಯಲ್ಲಿ ಗುಡುಗು ಶುರುವಾದ ಕೂಡಲೇ ಪ್ಲಗ್ಗುಗಳನ್ನೇ ಕೀಳುತ್ತಾರೆ, ಕೀಳುವುದೇ ಸರಿ. ಮಳೆ ನಿಂತ ಮೇಲೆ ಟಿವಿಯದು ನೆನಪಾಗುತ್ತದೆ, ಮೂಲೆಯ ಸ್ಪೀಕರಿನದು ಮರೆತುಹೋಗುತ್ತದೆ.

ಅಡಾಪ್ಟರ್ ಕೂಡ ಶಂಕಿತರ ಪಟ್ಟಿಯಲ್ಲಿರಬೇಕು. ಗೂಗಲ್ ಹೋಮ್ ಮಿನಿ, ಎರಡನೆಯ ತಲೆಮಾರಿನ ಎಕೋ ಡಾಟ್ ಇಂಥ ಹಳೆಯ ಮಾದರಿಗಳಿಗೆ ಇದ್ದದ್ದು ಹಳೆಯ ಮೊಬೈಲಿನ ಮೈಕ್ರೋ ಯುಎಸ್‌ಬಿ ಪಿನ್ನು. ಅವುಗಳ ಅಡಾಪ್ಟರ್ ಕೊಡುತ್ತಿದ್ದದ್ದು 9 ವ್ಯಾಟ್. ಅದನ್ನು ಯಾರೋ ಫೋನಿಗೆ ಒಯ್ದು, ಅದರ ಜಾಗಕ್ಕೆ ಡ್ರಾಯರಿನಲ್ಲಿದ್ದ 5 ವ್ಯಾಟಿನ ಚಾರ್ಜರ್ ಸಿಕ್ಕಿಸಿರುತ್ತಾರೆ. ಮೆಲ್ಲಗೆ ಮಾತಾಡುವಷ್ಟು ಹೊತ್ತು ಎಲ್ಲ ಸರಿ. ಹಾಡಿನ ಸದ್ದು ಏರಿಸಿದ ಕೂಡಲೇ ಕರೆಂಟು ಸಾಲದೆ ತಾನೇ ಆರಿ ತಾನೇ ಹೊತ್ತಿಕೊಳ್ಳುತ್ತದೆ. ಜೋರು ಹಾಡಿಗೆ ಮಾತ್ರ ಕೈಕೊಡುತ್ತದೆ ಎಂದರೆ ಮೊದಲು ನೋಡಬೇಕಾದ್ದು ಇದನ್ನೇ.

ಕರೆಂಟು ಹೋಗಿ ಬಂದ ಮೇಲೆ ಮೌನ ಹಿಡಿದರೆ ಲೆಕ್ಕ ಬೇರೆ. ಸ್ಪೀಕರ್ ಬೇಗ ಏಳುತ್ತದೆ. ಫೈಬರಿನ ಪೆಟ್ಟಿಗೆ, ರೂಟರ್ ಎದ್ದು ನೆಟ್ ಹಿಡಿಯಲು ಇನ್ನೂ ಕೆಲ ನಿಮಿಷ ಬೇಕು. ಮೊದಲು ಎದ್ದದ್ದು ವೈಫೈ ಕಾಣದೆ ತಡಕಾಡುತ್ತದೆ. ಸಾಮಾನ್ಯವಾಗಿ ಆಮೇಲೆ ತಾನೇ ಸೇರಿಕೊಳ್ಳುತ್ತದೆ, ಒಮ್ಮೊಮ್ಮೆ ಸೇರಿಕೊಳ್ಳುವುದಿಲ್ಲ. ರೂಟರ್ ಪೂರ್ತಿ ಎದ್ದ ಮೇಲೆ ಸ್ಪೀಕರಿನ ಪ್ಲಗ್ ಕಿತ್ತು, ಅರ್ಧ ನಿಮಿಷ ಬಿಟ್ಟು ಹಾಕಿದರೆ ಸಾಕು. ಎರಡನ್ನೂ ಒಟ್ಟಿಗೆ ಆರಿಸಿ ಒಟ್ಟಿಗೆ ಹೊತ್ತಿಸಿದರೆ ಅದೇ ಓಟ ಮತ್ತೆ ಶುರುವಾಗುತ್ತದೆ. ಇನ್ವರ್ಟರ್ ಇರುವ ಮನೆಯಲ್ಲಿ ಇನ್ನೊಂದು ತಮಾಷೆ: ಹಾಲಿನ ಪ್ಲಗ್ಗು ಇನ್ವರ್ಟರಿನ ಲೈನಿನಲ್ಲಿರುತ್ತದೆ, ರೂಟರ್ ಇರುವ ಮೂಲೆ ಇರುವುದಿಲ್ಲ. ಸ್ಪೀಕರಿಗೆ ಜೀವ ಇದೆ, ಹೊರಗಿನ ದಾರಿಯಿಲ್ಲ. ರೂಟರಿಗೆಂದೇ ಸಿಗುವ ಚಿಕ್ಕ ಯುಪಿಎಸ್ ಒಂದನ್ನು ಕೊಂಡರೆ ಈ ಗೋಳು ತಪ್ಪುತ್ತದೆ. ಹೊಸ ಸ್ಪೀಕರಿಗೆ ದುಡ್ಡು ಸುರಿಯುವ ಬದಲು ಅದನ್ನು ಕೊಳ್ಳುವುದು ಲೇಸು.

ಕರೆಂಟಿದೆ, ಮೈಕು ತೆರೆದಿದೆ, ಆದರೂ ಕರೆದರೆ ದೀಪ ಹೊತ್ತುತ್ತಿಲ್ಲ ಅನ್ನಿ. ಎಕೋ ಡಾಟ್‌ನಲ್ಲಿ ಇದಕ್ಕೊಂದು ಒಳ್ಳೆಯ ಪರೀಕ್ಷೆಯಿದೆ. ನೆತ್ತಿಯ ಮೇಲೆ ಚುಕ್ಕಿಯ ಗುರುತಿರುವ ಬಟನ್ ಒತ್ತಿ, ಹೆಸರು ಹೇಳದೆ ನೇರವಾಗಿ ‘ವಾಟ್ ಟೈಮ್ ಈಸ್ ಇಟ್’ ಎಂದು ಕೇಳಿ. ಉತ್ತರ ಬಂದರೆ ನೆಟ್ಟು, ಕಂಪನಿ, ಮೈಕು ಎಲ್ಲ ಕ್ಷೇಮ. ಹೆಸರು ಗುರುತಿಸುವಲ್ಲಿ ಮಾತ್ರ ಎಡವಟ್ಟು. ಆಗ ಆ್ಯಪ್ ತೆರೆದು ಕರೆಯುವ ಹೆಸರು ಯಾವುದಿದೆ ನೋಡಬೇಕು. ‘ಅಲೆಕ್ಸಾ’ ಬದಲು ‘ಎಕೋ’, ‘ಕಂಪ್ಯೂಟರ್’ ಮುಂತಾದ ಹೆಸರು ಇಡಲು ಅದರಲ್ಲಿ ಅವಕಾಶವಿದೆ. ಬೇಸಿಗೆ ರಜೆಗೆ ಬಂದ ಮೊಮ್ಮಕ್ಕಳು ಅದನ್ನು ‘ಕಂಪ್ಯೂಟರ್’ ಎಂದು ಬದಲಿಸಿ ಊರಿಗೆ ಹೋಗಿಬಿಟ್ಟರೆ ತಾತ ಎಷ್ಟು ಸಲ ಅಲೆಕ್ಸಾ ಅಂದರೇನು!

ಹೆಸರು ಸರಿಯಿದ್ದರೆ ಜಾಗ ನೋಡಬೇಕು. ಈ ಸ್ಪೀಕರ್‌ಗಳಲ್ಲಿ ಒಂದಕ್ಕಿಂತ ಹೆಚ್ಚು ಮೈಕುಗಳಿವೆ; ಮೊದಲ ಎಕೋದಲ್ಲಿ ಏಳಿದ್ದವು. ಒಂದೇ ಸದ್ದು ಒಂದೊಂದು ಮೈಕಿಗೆ ತಲುಪುವ ಸಮಯದಲ್ಲಿ ಇರುವ ಅತಿ ಸಣ್ಣ ವ್ಯತ್ಯಾಸದಿಂದ ಮಾತು ಯಾವ ದಿಕ್ಕಿನದೆಂದು ಲೆಕ್ಕಹಾಕಿ, ಅತ್ತ ಕಿವಿ ಚಾಚಿ, ಉಳಿದ ದಿಕ್ಕುಗಳನ್ನು ತಗ್ಗಿಸುತ್ತದೆ. ಮೂರು ಕಡೆ ಮುಚ್ಚಿದ ಶೋಕೇಸಿನ ಗೂಡಿನಲ್ಲಿ, ಬೊಂಬೆಗಳ ನಡುವೆ ಇಟ್ಟರೆ ನಮ್ಮ ದನಿ ಗೋಡೆಗೆ ಬಡಿದು ಹತ್ತು ದಾರಿಯಿಂದ ಬಂದು ಈ ಲೆಕ್ಕ ಕೆಡುತ್ತದೆ. ಗೋಡೆಯಿಂದ ಒಂದು 20 ಸೆಂಟಿಮೀಟರ್ ಈಚೆ ಇಟ್ಟರೆ ಎಷ್ಟೋ ವಾಸಿ. ಅಡುಗೆಮನೆಯಲ್ಲಿಟ್ಟವರು ಇನ್ನೊಂದು ನೋಡಬೇಕು: ಒಗ್ಗರಣೆಯ ಜಿಡ್ಡು, ಅದರ ಮೇಲೆ ಧೂಳು ಕೂತು ಮೈಕಿನ ಸೂಜಿಮೊನೆಯಂಥ ತೂತುಗಳು ಮುಚ್ಚುತ್ತವೆ. ಮೆತ್ತನೆಯ ಒಣ ಬ್ರಷ್ಷಿನಿಂದ ಕೊಡವಬೇಕು. ಪಿನ್ನು ಹಾಕಿ ಚುಚ್ಚಿದರೆ ಕಥೆ ಅಲ್ಲಿಗೇ ಮುಗಿಯುತ್ತದೆ.

ಬಹಳ ಜನರ ಅನುಮಾನವೊಂದಿದೆ. ತಾನೇ ಜೋರಾಗಿ ಹಾಡುತ್ತಿರುವಾಗಲೂ ‘ಅಲೆಕ್ಸಾ, ಸ್ಟಾಪ್’ ಎಂದರೆ ಕೇಳಿಸಿಕೊಳ್ಳುವ ಇದು ಮಿಕ್ಸಿ ತಿರುಗುವಾಗ, ಟಿವಿಯಲ್ಲಿ ಧಾರಾವಾಹಿ ಓಡುವಾಗ ಏಕೆ ಕಿವುಡಾಗುತ್ತದೆ? ತಾನು ನುಡಿಸುತ್ತಿರುವುದು ಏನೆಂದು ಅದಕ್ಕೆ ಗೊತ್ತು. ಮೈಕಿಗೆ ಬಂದ ಒಟ್ಟು ಸದ್ದಿನಿಂದ ತನ್ನ ಹಾಡನ್ನು ಕಳೆದು, ಉಳಿದದ್ದರಲ್ಲಿ ನಮ್ಮ ಮಾತು ಹುಡುಕುತ್ತದೆ. ಮಿಕ್ಸಿ ಏನು ನುಡಿಸುತ್ತಿದೆ ಎಂಬುದು ಅದಕ್ಕೆ ಮೊದಲೇ ತಿಳಿದಿಲ್ಲ, ಕಳೆಯುವುದು ಹೇಗೆ? ಟಿವಿಯದು ಇನ್ನೂ ಕಷ್ಟ, ಅಲ್ಲಿಂದ ಬರುವುದೂ ಮನುಷ್ಯರ ಮಾತೇ. ಸ್ಪೀಕರನ್ನು ಟಿವಿಯ ಪಕ್ಕದಿಂದ ಎಬ್ಬಿಸಿ ಎದುರು ಗೋಡೆಯ ಕಡೆ ಒಯ್ಯುವುದಕ್ಕಿಂತ ಒಳ್ಳೆಯ ಸೆಟ್ಟಿಂಗ್ ಯಾವ ಆ್ಯಪ್‌ನಲ್ಲೂ ಇಲ್ಲ.

ದೀಪ ಹೊತ್ತಿತು, ಆದರೆ ಏನೂ ಹೇಳದೆ ಆರಿತು. ಇದು ಬೇರೆ ಜಾತಿಯ ಮೌನ. ಡಬ್ಬಿಯೊಳಗಿನ ಕಿವಿ ‘ನನ್ನನ್ನೇ ಕರೆದರು’ ಎಂದುಕೊಂಡರೂ, ಆ ತುಣುಕನ್ನು ಡೇಟಾ ಸೆಂಟರಿನ ದೊಡ್ಡ ಕಂಪ್ಯೂಟರ್ ಇನ್ನೊಮ್ಮೆ ಪರಿಶೀಲಿಸುತ್ತದೆ. ಅದು ‘ಅಲ್ಲ’ ಎಂದರೆ ಸ್ಪೀಕರ್ ತೆಪ್ಪಗಾಗುತ್ತದೆ. 2017ರ ಜನವರಿಯಲ್ಲಿ ಅಮೆರಿಕದ ಸ್ಯಾನ್ ಡಿಯಾಗೊದ ಟಿವಿ ವಾರ್ತೆಯಲ್ಲಿ, ಅಲೆಕ್ಸಾಗೆ ಹೇಳಿ ಬೊಂಬೆಮನೆ ತರಿಸಿಕೊಂಡ ಪುಟ್ಟ ಹುಡುಗಿಯ ಸುದ್ದಿ ಬಂತು. ನಿರೂಪಕ ಆ ಮಾತನ್ನು ಆಡಿ ತೋರಿಸಿದಾಗ ನೋಡುಗರ ಮನೆಗಳ ಸ್ಪೀಕರ್‌ಗಳೂ ಎಚ್ಚೆತ್ತು ಬೊಂಬೆಮನೆ ಕೊಳ್ಳಲು ಹೊರಟವು. ಎರಡನೆಯ ಪರಿಶೀಲನೆ ಇಂಥ ಫಜೀತಿಗಳನ್ನು ತಡೆಯುತ್ತದೆ. ಅದರ ಬೆಲೆಯಾಗಿ ಒಮ್ಮೊಮ್ಮೆ ನಮ್ಮ ನಿಜವಾದ ಕರೆಯೂ ತಿರಸ್ಕೃತವಾಗುತ್ತದೆ. ಅಪರೂಪಕ್ಕಾದರೆ ಇನ್ನೊಮ್ಮೆ ಕರೆದರಾಯಿತು. ಪ್ರತಿ ಸಲವೂ ಹೀಗೇ ಆದರೆ ಮಾತು ಅಲ್ಲಿಗೆ ತಲುಪುತ್ತಲೇ ಇಲ್ಲ, ನೆಟ್ಟಿನ ತನಿಖೆಗೆ ಇಳಿಯಬೇಕು.

‘ಸಾರಿ, ನಿಮ್ಮ ಮಾತು ಅರ್ಥಮಾಡಿಕೊಳ್ಳಲು ಈಗ ತೊಂದರೆಯಾಗುತ್ತಿದೆ’ ಎಂಬರ್ಥದ ಇಂಗ್ಲಿಷ್ ವಾಕ್ಯವನ್ನು ಅಲೆಕ್ಸಾ ಹೇಳಿದರೂ ನೆಟ್ಟನ್ನೇ ಅನುಮಾನಿಸಿ. ಅದನ್ನು ಕೇಳಿದವರು ತಮ್ಮ ಉಚ್ಚಾರಣೆ ಸರಿಯಿಲ್ಲವೆಂದುಕೊಂಡು ನಾಚುತ್ತಾರೆ, ಇನ್ನೂ ನೀಟಾಗಿ ಹೇಳಲು ನೋಡುತ್ತಾರೆ. ತನ್ನ ತಂತಿ ಕಡಿದದ್ದನ್ನು ಕೇಳುಗರ ನಾಲಿಗೆಯ ಮೇಲೆ ಹೊರಿಸುವ ಈ ಸೌಜನ್ಯ ನನಗಂತೂ ಹಿಡಿಸುವುದಿಲ್ಲ.

ತನಿಖೆಗೆ ಬೇಕಾದ್ದು ಒಂದು ಮೊಬೈಲು. ಫೋನನ್ನು ಅದೇ ವೈಫೈಗೆ ಸೇರಿಸಿ, ಮೊಬೈಲ್ ಡೇಟಾ ಆರಿಸಿ, ಅಲೆಕ್ಸಾ ಅಥವಾ ಗೂಗಲ್ ಹೋಮ್ ಆ್ಯಪ್‌ ತೆರೆದು ನೋಡಿ. ಏನೂ ತೆರೆದುಕೊಳ್ಳದಿದ್ದರೆ ಮನೆಗೇ ನೆಟ್ಟಿಲ್ಲ. ಫೈಬರಿನ ಪೆಟ್ಟಿಗೆಯಲ್ಲಿ ಎಲ್‌ಒಎಸ್ ಎಂದು ಬರೆದ ದೀಪ ಕೆಂಪಗೆ ಮಿಣುಕುತ್ತಿದ್ದರೆ ಹೊರಗಿನಿಂದ ಬೆಳಕೇ ಬರುತ್ತಿಲ್ಲ, ಕೇಬಲ್ ಎಲ್ಲೋ ತುಂಡಾಗಿದೆ ಅಥವಾ ಬಾಗಿದೆ. ಅದಕ್ಕೆ ಕಂಪನಿಯವರಿಗೆ ಫೋನ್ ಮಾಡದೆ ಗತ್ಯಂತರವಿಲ್ಲ. ಫೋನಿನಲ್ಲಿ ಎಲ್ಲ ಸರಿಯಿದ್ದು ಸ್ಪೀಕರ್ ಮಾತ್ರ ಸುಮ್ಮನಿದ್ದರೆ ಅದಕ್ಕೂ ರೂಟರಿಗೂ ನಡುವೆ ಜಗಳ. ನೆಟ್ ಕಂಪನಿ ಬದಲಿಸಿ ಹೊಸ ರೂಟರ್ ತಂದ ವಾರ ಈ ಜಗಳ ಖಚಿತ, ಏಕೆಂದರೆ ಸ್ಪೀಕರಿಗೆ ಗೊತ್ತಿರುವುದು ಹಳೆಯ ವೈಫೈನ ಹೆಸರು, ಹಳೆಯ ಪಾಸ್‌ವರ್ಡ್. ಹೊಸ ರೂಟರ್ ಜೋಡಿಸಲು ಬಂದ ಹುಡುಗನಿಗೆ ಹೇಳಿ ಹಳೆಯ ಹೆಸರು, ಹಳೆಯ ಪಾಸ್‌ವರ್ಡನ್ನೇ, ದೊಡ್ಡ ಅಕ್ಷರ ಸಣ್ಣ ಅಕ್ಷರ ಬಿಡದಂತೆ, ಹಾಕಿಸಿಕೊಂಡರೆ ಸ್ಪೀಕರ್, ಬಲ್ಬು, ಟಿವಿ, ಸಿಸಿಟಿವಿ ಎಲ್ಲವೂ ತಾವಾಗಿ ಸೇರಿಕೊಳ್ಳುತ್ತವೆ. ಇಷ್ಟು ಸುಲಭದ ಉಪಾಯವನ್ನು ಯಾರೂ ಹೇಳಿಕೊಡುವುದಿಲ್ಲ.

ವೈಫೈಗೆ ಎರಡು ದಾರಿಗಳಿವೆ. 5 ಗಿಗಾಹರ್ಟ್ಸ್‌ನದು ವೇಗದ್ದು, ಗೋಡೆ ದಾಟುವಾಗ ಸೋಲುತ್ತದೆ, 2.4ರದು ನಿಧಾನ, ದೂರ ಹೋಗುತ್ತದೆ. ಮಾತು ಸಾಗಿಸಲು ವೇಗ ಬೇಕಿಲ್ಲ, ಗಟ್ಟಿತನ ಬೇಕು. ಮಂಗಳೂರು ಕಡೆಯ ಮುರಕಲ್ಲಿನ ದಪ್ಪ ಗೋಡೆ, ರೂಟರಿಗೆ ಅಡ್ಡ ನಿಂತ ಕಬ್ಬಿಣದ ಬೀರು ಇದ್ದಲ್ಲಿ ಸ್ಪೀಕರನ್ನು 2.4ಕ್ಕೆ ಸೇರಿಸುವುದು ಒಳ್ಳೆಯದು. ಆದರೆ ಆ ದಾರಿಯಲ್ಲಿ ಸಂತೆಯೂ ಜಾಸ್ತಿ: ಬ್ಲೂಟೂತ್, ಮೈಕ್ರೋವೇವ್ ಓವನ್ ಎಲ್ಲ ಅದರಲ್ಲೇ. ಓವನ್ ಓಡುವಾಗ ಮಾತ್ರ ತೊದಲುವ ಸ್ಪೀಕರಿಗೆ ಬೇರೆ ಕಾರಣ ಹುಡುಕಬೇಕಿಲ್ಲ.

ಮನೆಯೊಳಗೆ ಎಲ್ಲ ಸರಿಯಿದ್ದೂ ಮಾತು ಹೊರಡದ ದಿನಗಳೂ ಇವೆ. 2025ರ ಅಕ್ಟೋಬರ್ 20ರಂದು, ನಮ್ಮಲ್ಲಿ ನರಕ ಚತುರ್ದಶಿಯ ಮಧ್ಯಾಹ್ನ, ಅಮೆರಿಕದ ವರ್ಜೀನಿಯಾದಲ್ಲಿರುವ ಅಮೆಜಾನ್ ಡೇಟಾ ಸೆಂಟರುಗಳ ಗುಂಪಿನಲ್ಲಿ ಎಡವಟ್ಟಾಯಿತು. ಒಂದು ಮುಖ್ಯ ಸೇವೆಯ ಇಂಟರ್ನೆಟ್ ವಿಳಾಸವನ್ನು ಆಗಾಗ ಹೊಸದಾಗಿಸುವ ಸ್ವಯಂಚಾಲಿತ ವ್ಯವಸ್ಥೆ, ಆ ವಿಳಾಸವನ್ನೇ ಖಾಲಿ ಮಾಡಿಬಿಟ್ಟಿತು. ಅದನ್ನು ನೆಚ್ಚಿದ್ದ ನೂರಾರು ಸೇವೆಗಳ ಜತೆ ಅಲೆಕ್ಸಾಳೂ ತಡವರಿಸಿದಳು. ಅಲ್ಲಿ ಆಗ ನಡುರಾತ್ರಿ ಕಳೆದ ಹೊತ್ತು. ಬೆಳಗ್ಗೆ ಎಬ್ಬಿಸಲು ಹೇಳಿ ಮಲಗಿದ ಕೆಲವರಿಗೆ ಅಲಾರಂ ಕೂಡ ಕೇಳಲಿಲ್ಲ. ಅಂಥ ದಿನ ಪ್ಲಗ್ ಕಿತ್ತು ಹಾಕಿದರೂ, ರೂಟರ್ ಬದಲಿಸಿದರೂ ಪ್ರಯೋಜನವಿಲ್ಲ. ಮೊಬೈಲ್ ಡೇಟಾದಲ್ಲೂ ಆ್ಯಪ್ ಉತ್ತರಿಸದಿದ್ದರೆ, ಬೇರೆ ಊರಿನ ನೆಂಟರ ಸ್ಪೀಕರೂ ಸುಮ್ಮನಿದ್ದರೆ, ಕಾಫಿ ಮಾಡಿಕೊಂಡು ಕೂರುವುದೇ ದುರಸ್ತಿ.

ಸುಮ್ಮನೆ ಕೂರಲಾಗದವರು ಅನುಭವಿಸಿದ್ದಕ್ಕೂ ಉದಾಹರಣೆಯಿದೆ. 2025ರ ಮಾರ್ಚ್ 9ರಂದು ಗೂಗಲ್‌ನ ಎರಡನೆಯ ತಲೆಮಾರಿನ ಕ್ರೋಮ್‌ಕಾಸ್ಟ್‌ಗಳು ಒಟ್ಟಿಗೇ ಕೈಕೊಟ್ಟವು. ಸ್ಪೀಕರಿನ ದಾಯಾದಿ ಎನ್ನಬಹುದಾದ, ಟಿವಿಗೆ ಸಿಕ್ಕಿಸುವ ಸಾಧನ ಅದು. ಒಳಗಿದ್ದ ಒಂದು ಭದ್ರತಾ ಪ್ರಮಾಣಪತ್ರದ ಅವಧಿ ತೀರಿತ್ತು, ಅಷ್ಟೇ. ಫ್ಯಾಕ್ಟರಿ ರೀಸೆಟ್ ಮಾಡಬೇಡಿ ಎಂದು ಕಂಪನಿ ಹೇಳುವಷ್ಟರಲ್ಲಿ ಎಷ್ಟೋ ಜನ ಮಾಡಿ ಮುಗಿಸಿದ್ದರು. ಕೈಕಟ್ಟಿ ಕೂತವರ ಸಾಧನ ಕೆಲವೇ ದಿನಗಳಲ್ಲಿ ತಾನೇ ಸರಿಹೋಯಿತು. ರೀಸೆಟ್ ಮಾಡಿದವರದು ಮತ್ತೆ ಸಿದ್ಧಗೊಳ್ಳಲಾಗದೆ ಇನ್ನೊಂದು ಅಪ್‌ಡೇಟಿಗೆ ಕಾಯಬೇಕಾಯಿತು. ಇನ್ನು ಎಂದಿಗೂ ಸರಿಹೋಗದ ಮೌನವೂ ಉಂಟು. ಹಾರ್ಮನ್ ಕಾರ್ಡನ್ ಕಂಪನಿಯ ಇನ್‌ವೋಕ್ ಸ್ಪೀಕರಿನಲ್ಲಿ ಮೈಕ್ರೋಸಾಫ್ಟ್‌ನ ಕೊರ್ಟಾನಾ ಮಾತಾಡುತ್ತಿದ್ದಳು. 2021ರಲ್ಲಿ ಮೈಕ್ರೋಸಾಫ್ಟ್ ಆ ಸೇವೆಯನ್ನು ಹಿಂತೆಗೆದುಕೊಂಡಿತು. ದುಡ್ಡು ಕೊಟ್ಟು ತಂದ ಬುದ್ಧಿವಂತ ಸ್ಪೀಕರ್ ಒಂದು ಅಪ್‌ಡೇಟಿನಲ್ಲಿ ಬರಿಯ ಬ್ಲೂಟೂತ್ ಸ್ಪೀಕರ್ ಆಗಿ ಉಳಿಯಿತು.

ಮೂರನೆಯ ಬಗೆ, ಉತ್ತರ ಬಂದೂ ಕೆಲಸವಾಗದ್ದು. ‘ಬಲ್ಬ್ ಉತ್ತರಿಸುತ್ತಿಲ್ಲ’ ಎಂದು ಅಲೆಕ್ಸಾ ಹೇಳಿದರೆ ಗೋಡೆಯ ಸ್ವಿಚ್ಚು ನೋಡಿ, ಅಪ್ಪ ಅಭ್ಯಾಸಬಲದಿಂದ ಆರಿಸಿರುತ್ತಾರೆ. ಸ್ಮಾರ್ಟ್ ಬಲ್ಬಿಗೆ ಗೋಡೆಯ ಸ್ವಿಚ್ಚು ಸದಾ ಹೊತ್ತಿರಬೇಕು ಎಂಬುದನ್ನು ಕರೆಂಟ್ ಬಿಲ್ಲಿನ ಭಯದಲ್ಲಿ ಬೆಳೆದ ತಲೆಮಾರಿಗೆ ಒಪ್ಪಿಸುವುದು ಸುಲಭವಲ್ಲ. ದೀಪ ಕುಣಿಯುತ್ತದೆ, ದನಿ ಕೇಳುತ್ತಿಲ್ಲ ಎಂದಾದರೆ ಉತ್ತರ ಬ್ಲೂಟೂತ್ ಮೂಲಕ ಮಹಡಿಯ ಮೇಲಿನ ಇನ್ನೊಂದು ಸ್ಪೀಕರಿನಲ್ಲಿ ಮೊಳಗುತ್ತಿರಬಹುದು. ಎರಡು ಎಕೋ ಇರುವ ಮನೆಯಲ್ಲಿ ದನಿ ಸ್ಪಷ್ಟವಾಗಿ ಕೇಳಿದ್ದು ಮಾತ್ರ ಉತ್ತರಿಸುತ್ತದೆ, ಇನ್ನೊಂದು ಬೇಕೆಂದೇ ಸುಮ್ಮನಾಗುತ್ತದೆ.

ವಿದೇಶದ ಮಕ್ಕಳು ರಜೆಗೆ ಬಂದಾಗ ತಂದುಕೊಟ್ಟ ಸ್ಪೀಕರಿನ ಪಾಡು ಇನ್ನೊಂದು. ನ್ಯೂಜೆರ್ಸಿಯ ಮಗನ ಖಾತೆಯಲ್ಲೇ ಅದು ಮೈಸೂರಿನಲ್ಲೂ ಓಡುತ್ತಿದ್ದರೆ ಅಲ್ಲಿನ ಹವಾಮಾನ ಹೇಳುತ್ತದೆ, ಅಲ್ಲಿನ ಗಡಿಯಾರಕ್ಕೆ ಅಲಾರಂ ಹೊಡೆಯುತ್ತದೆ. ಮಗ ಅಲ್ಲಿ ಪಾಸ್‌ವರ್ಡ್ ಬದಲಿಸಿದ ದಿನ ಇಲ್ಲಿ ಬಾಯಿ ಕಟ್ಟಿದರೂ ಅಚ್ಚರಿಯಿಲ್ಲ. ಆ್ಯಪ್‌ನಲ್ಲಿ ವಿಳಾಸ, ಸಮಯ ವಲಯ ತಿದ್ದಿದರೆ ಅರ್ಧ ಸರಿಹೋಗುತ್ತದೆ. ಅಪ್ಪ ಅಮ್ಮನ ಹೆಸರಿನಲ್ಲಿ ಇಲ್ಲಿಯದೇ ಖಾತೆ ತೆರೆದು ಹೊಸದಾಗಿ ಜೋಡಿಸಿದರೆ ಮಾತ್ರ ಪೂರ್ತಿ.

ಇಷ್ಟೆಲ್ಲ ಸರಿಯಿದ್ದೂ ಕೇಳಿದ ಹಾಡು ಬಿಟ್ಟು ಇನ್ನೇನೋ ಬಂದರೆ ಭಾಷೆಯ ಪ್ರಶ್ನೆ. ಅಲೆಕ್ಸಾ ಭಾರತಕ್ಕೆ ಬಂದದ್ದು ಇಂಗ್ಲಿಷಿನೊಂದಿಗೆ, 2019ರಲ್ಲಿ ಹಿಂದಿ ಸೇರಿತು. ಕನ್ನಡ ಅದರ ಭಾಷೆಗಳ ಪಟ್ಟಿಯಲ್ಲಿಲ್ಲ. ಫೋನಿನಲ್ಲಿ ಗೂಗಲ್ ಜತೆ ಕನ್ನಡದಲ್ಲಿ ಮಾತಾಡುವ ಅಜ್ಜಿ ಸ್ಪೀಕರಿನ ಮುಂದೆ ನಿಂತಾಗ ಇಂಗ್ಲಿಷ್ ವಾಕ್ಯದ ನಡುವೆ ಕನ್ನಡ ಹಾಡಿನ ಹೆಸರು ತುರುಕಬೇಕು. ಯಂತ್ರ ಅದನ್ನು ಇಂಗ್ಲಿಷ್ ಪದವೆಂದೇ ಕೇಳಿಸಿಕೊಂಡು ಹತ್ತಿರದ ಏನನ್ನೋ ಹಿಡಿಯುತ್ತದೆ. ಏನು ಕೇಳಿಸಿಕೊಂಡಿತು ಎಂಬುದು ಆ್ಯಪ್‌ನ ವಾಯ್ಸ್ ಹಿಸ್ಟರಿಯಲ್ಲಿ ಅಕ್ಷರದಲ್ಲೇ ಸಿಗುತ್ತದೆ. ಓದಿದರೆ ನಗು ಬರುತ್ತದೆ, ಜತೆಗೆ ಎಲ್ಲಿ ಎಡವಿತು ಎಂದೂ ಗೊತ್ತಾಗುತ್ತದೆ. ಭಾಷೆಯ ಸೆಟ್ಟಿಂಗ್ ಅಮೆರಿಕನ್ ಇಂಗ್ಲಿಷಿಗೆ ಜಾರಿದ್ದರೆ ಭಾರತದ ಇಂಗ್ಲಿಷಿಗೆ ತನ್ನಿ, ಅದು ನಮ್ಮ ಉಚ್ಚಾರಣೆಗೆಂದೇ ರೂಪಿಸಿದ್ದು. ದಿನಾ ಬೇಕಾಗುವ ಸುಪ್ರಭಾತಕ್ಕೋ ಭಾವಗೀತೆಗೋ ಆ್ಯಪ್‌ನಲ್ಲಿ ಒಂದು ರೂಟೀನ್ (ಒಂದು ಮಾತಿಗೆ ನಿಗದಿತ ಕೆಲಸ ಮಾಡಿಸುವ ಏರ್ಪಾಡು) ಮಾಡಿ, ‘ಮಾರ್ನಿಂಗ್ ಮ್ಯೂಸಿಕ್’ನಂಥ ಸಲೀಸಾದ ಹೆಸರಿಡಿ. ‘ದೇವರಮನೆ ಲೈಟ್’ ಎಂದು ಹೆಸರಿಟ್ಟ ಬಲ್ಬು ಮಾತು ಕೇಳದಿದ್ದರೆ ‘ಪೂಜಾ ಲೈಟ್’ ಎಂದಿಟ್ಟು ನೋಡಿ.

ತೊಂದರೆ ನಮ್ಮೊಬ್ಬರದೇ ಅಲ್ಲ. 2020ರಲ್ಲಿ ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಅಮೆಜಾನ್, ಗೂಗಲ್, ಆ್ಯಪಲ್, ಐಬಿಎಂ, ಮೈಕ್ರೋಸಾಫ್ಟ್‌ಗಳ ದನಿ ಗುರುತಿಸುವ ವ್ಯವಸ್ಥೆಗಳನ್ನು ಒರೆಗೆ ಹಚ್ಚಿದಾಗ, ಬಿಳಿಯ ಅಮೆರಿಕನ್ನರ ನೂರು ಪದಗಳಲ್ಲಿ ಸರಾಸರಿ 19 ತಪ್ಪಾದರೆ ಕಪ್ಪು ಅಮೆರಿಕನ್ನರದರಲ್ಲಿ 35 ತಪ್ಪಾದವು. ಇಂಗ್ಲಿಷೇ ತಾಯ್ನುಡಿಯಾದವರ ಗತಿ ಇದು. ಯಂತ್ರಕ್ಕೆ ಯಾರ ದನಿ ಹೆಚ್ಚು ಕೇಳಿಸಿದ್ದಾರೋ ಅವರ ಮಾತು ಅದಕ್ಕೆ ಸಲೀಸು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರೆಸ್ಪಿನ್ ಯೋಜನೆ ಒಂಬತ್ತು ಭಾಷೆಗಳ ಉಪಭಾಷೆಗಳಲ್ಲಿ ಜನರ ಮಾತು ದಾಖಲಿಸಿದೆ, ಅದರಲ್ಲಿ ಕನ್ನಡವೂ ಒಂದು. ಅದೇ ಸಂಸ್ಥೆ ಗೂಗಲ್ ನೆರವಿನಿಂದ ನಡೆಸುತ್ತಿರುವ ವಾಣಿ ಯೋಜನೆ ದೇಶದ ಜಿಲ್ಲೆ ಜಿಲ್ಲೆಗಳ ಮಾತು ಸಂಗ್ರಹಿಸುತ್ತಿದೆ. ಧಾರವಾಡದ ‘ಹಾಡ ಹಚ್ಚು’, ಮೈಸೂರಿನ ‘ಹಾಡು ಹಾಕು’ ಎರಡಕ್ಕೂ ಓಗೊಡುವ ಸ್ಪೀಕರ್ ಬರಬೇಕಾದರೆ ಇಂಥ ದಾಖಲೆಯೇ ಬುನಾದಿ.

ಫ್ಯಾಕ್ಟರಿ ರೀಸೆಟ್‌ನ ಮಾತು ಕೊನೆಗೆ ಬಂದದ್ದು ಬೇಕೆಂದೇ. ಮೇಲಿನದೆಲ್ಲ ನೋಡಿಯೂ ಸ್ಪೀಕರ್ ಅಲುಗದಿದ್ದರೆ ಮಾತ್ರ ಅದಕ್ಕೆ ಕೈಹಾಕಿ. ಮೂರನೆಯ ತಲೆಮಾರಿನ ಎಕೋ ಡಾಟ್‌ನಲ್ಲಿ ಚುಕ್ಕಿಯ ಬಟನ್ನನ್ನು 25 ಸೆಕೆಂಡು ಒತ್ತಿ ಹಿಡಿಯಬೇಕು. ನೆಸ್ಟ್ ಮಿನಿಯಲ್ಲಿ ಮೊದಲು ಮೈಕಿನ ಸ್ವಿಚ್ಚು ಆರಿಸಿ, ನೆತ್ತಿಯ ನಡುವೆ ಬೆರಳೊತ್ತಿ, ಸದ್ದು ಬರುವ ತನಕ ಬಿಡಬಾರದು. ಅದರೊಂದಿಗೆ ವೈಫೈ, ಖಾತೆ, ಜೋಡಿಸಿದ ಬ್ಲೂಟೂತ್ ಎಲ್ಲ ಅಳಿಸಿಹೋಗುತ್ತವೆ. ಖಾತೆಯ ಪಾಸ್‌ವರ್ಡ್ ಗೊತ್ತಿರುವವರು ಹತ್ತಿರ ಇದ್ದಾಗ, ವೈಫೈ ಪಾಸ್‌ವರ್ಡ್ ಚೀಟಿಯಲ್ಲಿ ಬರೆದಿಟ್ಟುಕೊಂಡು ಮಾಡಿ. ಅದಕ್ಕೂ ಜೀವ ಬರದಿದ್ದರೆ ಅಷ್ಟೇ ವ್ಯಾಟಿನ ಇನ್ನೊಂದು ಅಡಾಪ್ಟರ್ ಹಾಕಿ ನೋಡಿ, ವಾರಂಟಿ ಉಳಿದಿದೆಯೇ ಬಿಲ್ಲು ತೆಗೆದು ನೋಡಿ. ಎರಡೂ ಇಲ್ಲವಾದರೆ ಇ-ತ್ಯಾಜ್ಯ ಕೊಳ್ಳುವವರಿಗೆ ಕೊಡಬೇಕು, ಕಸದ ಬುಟ್ಟಿಗಲ್ಲ. ಜೀವವಿದ್ದು ಬೇರೆಯವರಿಗೆ ದಾಟಿಸುವುದಾದರೆ ಆ್ಯಪ್‌ನಲ್ಲಿ ಡೀರಿಜಿಸ್ಟರ್ ಒತ್ತಿಯೇ ಕೊಡಿ. ಇಲ್ಲವಾದರೆ ಅವರ ಮನೆಯ ಹಾಲಿನಲ್ಲಿ ಅದು ನಿಮ್ಮ ಖಾತೆಯ ಹೆಸರಿನಲ್ಲೇ ಮಾತಾಡುತ್ತಿರುತ್ತದೆ, ನಿಮಗೆ ಬರಬೇಕಾದ ಪಾರ್ಸೆಲ್ಲಿನ ಸುದ್ದಿಯನ್ನು ಅವರಿಗೆ ಹೇಳುತ್ತಿರುತ್ತದೆ.